ಮಸುಕು ಯಾರದು?

ನವೆಂಬರ್ 18, ಸೋಮವಾರ

ಹಾಳಾದ ಮಷೀನು. ಇವತ್ತೂ ಅದೇ ಕಥೆ. ಸಿಂಧನೂರಿನ ಈ ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಕ್ಸ್‌ರೇ ತೆಗೆಯುತ್ತಾ ನನ್ನ ಅರ್ಧ ಆಯುಷ್ಯ ಕಳೆಯಿತು, ಇಂಥ ಮೊಂಡು ಮಷೀನು ಮಾತ್ರ ನೋಡಿರಲಿಲ್ಲ. ಎಲುಬಿನ ಅಂಚು ಪೆನ್ನಿನಿಂದ ಗೀರಿದ ಹಾಗೆ ಕಾಣಬೇಕು. ಇದರಲ್ಲಿ ಹಾಲಿನೊಳಗೆ ಬಿದ್ದ ಹಾಗೆ ಕಾಣುತ್ತದೆ. ಮಾಲೀಕರಾದ ಕರಿಬಸಯ್ಯನವರಿಗೆ ಹೇಳಿದೆ.

"ಸರ್, ಪಿಕ್ಚರ್ ಮಸುಕು ಬರಾಕತ್ತಾವು. ಇಂಜಿನಿಯರ್‌ನ ಕರಸ್ರಿ."

"ಮಷೀನ್ ಚೊಲೋ ಐತವ್ವಾ. ನೀ ಪೇಶಂಟ್‌ನ ಸರಿ ನಿಲ್ಲಸು," ಎಂದರು. ಸರಿ ನಿಲ್ಲಿಸುವುದನ್ನು ನನಗೆ ಹೇಳಿಕೊಡುತ್ತಾರೆ!

ಸರಿ ನಿಲ್ಲಿಸುವುದೆಂದರೆ ಏನೆಂದು ಅವರಿಗೇನು ಗೊತ್ತು? ಮುಕ್ಕುಂದದಿಂದ ಬಂದಿದ್ದ ಯಮನಮ್ಮ ಎಂಬ ಅಜ್ಜಿಗೆ ಎದೆಯ ಎಕ್ಸ್‌ರೇ ಆಗಬೇಕಿತ್ತು. ತಾಳಿ ತೆಗಿ ಎಂದರೆ ನನ್ನನ್ನು ತಿಂದುಬಿಡುವಂತೆ ನೋಡಿದಳು. "ಗಂಡ ಗುಂಡಕಲ್ಲಿನಂಗ ಅದಾನ, ತಾಳಿ ಯಾಕ ತೆಗೀಲಿ ಯವ್ವಾ?" ಲೋಹ ಇದ್ದಲ್ಲಿ ಚಿತ್ರದಲ್ಲಿ ಬೆಳ್ಳಗೆ ಕಲೆ ಬೀಳುತ್ತದೆ, ಅದರ ಹಿಂದೇನಿದೆ ಎಂದು ಕಾಣುವುದಿಲ್ಲ ಎಂದು ತಿಳಿಸಿ ಹೇಳಿದೆ. ಊಹೂಂ. ಕಡೆಗೆ ಮಾಮೂಲಿ ಉಪಾಯ ಮಾಡಿದೆ. ತಾಳಿ ತೆಗೆಯಬೇಡ, ಮೇಲಕ್ಕೆತ್ತಿ ಬಾಯಲ್ಲಿ ಕಚ್ಚಿಕೊಂಡು ನಿಲ್ಲು ಎಂದೆ. ನಿಂತಳು, ಆದರೆ ಗಡಗಡ ನಡುಗುತ್ತಿದ್ದಳು. ತಾಳಿ, ಸರ, ತಾಯಿತ ಎಲ್ಲಾ ತೆಗೀರಿ ಅನ್ನುವುದೇ ನನ್ನ ದಿನದ ಮಂತ್ರ. ನಿದ್ದೆಯಲ್ಲೂ ಅದನ್ನೇ ಹೇಳುತ್ತೇನೆಂದು ಮಗಳು ಪ್ರಜ್ಞಾ ನಗುತ್ತಾಳೆ.

ಮಸ್ಕಿಗೆ ಬಂದು ಮನೆ ಸೇರುವಷ್ಟರಲ್ಲಿ ನನ್ನ ಗಂಡ ಕಂಡಕ್ಟರ್ ಸಾಹೇಬರೂ ಲಿಂಗಸುಗೂರು ಡಿಪೋದಲ್ಲಿ ಡ್ಯೂಟಿ ಮುಗಿಸಿ ಬಂದಿದ್ದರು. ಅಪ್ಪ ಮಗಳು ಒಂದೇ ತಾಟಿನಲ್ಲಿ ಉಂಡರು. ನಾನು ಮಷೀನಿಗೆ ಹಿಡಿಶಾಪ ಹಾಕಿದೆ.

"ದಿನಾ ಆ ಡಬ್ಬಾಕ ಬೈತಿ, ನನಗ ಬೈಯೋದು ಬಿಟ್ಟಿ. ಅದಕ್ಕ ಪುಣ್ಯಾ ಬರ್ಲಿ," ಎಂದರು ದುರುಗೇಶ. ನಮ್ಮ ಮಾತುಕತೆ ಅಂದರೆ ಇಷ್ಟೇ. ಆಮೇಲೆ ಕೆಮ್ಮುತ್ತಾ ಮಲಗಿದರು. ಧಾರಾವಾಹಿಯ ಮಾತೇ ಕೇಳಿಸುತ್ತಿರಲಿಲ್ಲ, ಟಿವಿಯ ಸದ್ದು ಜಾಸ್ತಿ ಮಾಡಿಕೊಂಡೆ.

ನವೆಂಬರ್ 23, ಶನಿವಾರ

ಕೆಮ್ಮಿಗೆ ಔಷಧಿ ಅಂಗಡಿಯ ಸಿರಪ್ ಕುಡಿದೂ ಕುಡಿದೂ ಬಾಟಲಿಗಳನ್ನು ಕಿಟಕಿಯಲ್ಲಿ ಸಾಲಾಗಿ ನಿಲ್ಲಿಸಿದ್ದಾರೆ ಮಹಾಶಯರು. ಇವತ್ತು ಅವರ ಬಸ್ಸಿನಲ್ಲೇ ಸಿಂಧನೂರಿಗೆ ಹೋದೆ. ಹೆಂಡತಿ ಅನ್ನುವುದಿಲ್ಲ ಏನಿಲ್ಲ, "ಆಧಾರ್ ತೋರಸ್ರಿ ಮೇಡಂ," ಎಂದು ಎಲ್ಲರ ಮುಂದೆ ಗಂಭೀರವಾಗಿ ಕೇಳಿ ಹೆಂಗಸರ ಫ್ರೀ ಟಿಕೆಟು ಹರಿದುಕೊಟ್ಟರು. ಹಿಂದಿನ ಸೀಟಿನ ಹುಡುಗಿಯರು ಕಿಸಕ್ಕೆಂದರು. ಸಿಟ್ಟು ಬಂತು. ಬಸ್‌ಸ್ಟ್ಯಾಂಡಿನಲ್ಲಿ ಇಳಿದವಳೇ, ಬಸ್ಸು ಮತ್ತೆ ಹೊರಡುವುದರೊಳಗೆ ಎಕ್ಸ್‌ರೇ ತೆಗೆಸಿಯೇ ಬಿಡೋಣ ನಡೀರಿ ಎಂದು ಅಂಗಿ ಹಿಡಿದು ಎಳೆದುಕೊಂಡು ಹೋದೆ.

ಗಡಿಬಿಡಿಯಲ್ಲಿ ತೆಗೆದದ್ದು. ಅಂಗಿ ಬಿಚ್ಚಿಸಿ, ಎದೆಯನ್ನು ಪ್ಲೇಟಿಗೆ ಒತ್ತಿ ನಿಲ್ಲಿಸಿದೆ. "ಉಸಿರು ಎಳೀರಿ, ಹಂಗ ಹಿಡೀರಿ," ಎಂದೆ. "ಮನ್ಯಾಗೂ ಹಿಂಗ ಮೆತ್ತಗ ಮಾತಾಡು," ಎನ್ನುತ್ತಾ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಓಡಿದರು.

ಚಿತ್ರ ಬಂತು. ಬಲಗಡೆ ಮೇಲೆ, ಕೊರಳೆಲುಬಿನ ಕೆಳಗೆ, ಒಂದು ಮಸುಕು. ಹತ್ತಿಯ ತುಣುಕು ಅಂಟಿದ ಹಾಗೆ, ಅಂಚಿಲ್ಲದ್ದು.

ಮಷೀನಿನದೇ ಇರಬೇಕು. ಈ ಮಷೀನಿನಲ್ಲಿ ಯಾವುದು ತಾನೇ ಮಸುಕಿಲ್ಲ?

ನವೆಂಬರ್ 25, ಸೋಮವಾರ

ನಮ್ಮ ಎಕ್ಸ್‌ರೇಗಳನ್ನು ದೂರದಲ್ಲಿ ಕುಳಿತು ಓದುವ ಡಾಕ್ಟರರ ರಿಪೋರ್ಟ್ ಬಂತು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಮಸುಕಿದೆ, ಆದರೆ ಅದು ರೋಗದ್ದೋ ಚಿತ್ರದ್ದೋ ಖಚಿತವಿಲ್ಲ, ಇನ್ನೊಮ್ಮೆ ತೆಗೆಯಿರಿ, ಕಫ ಪರೀಕ್ಷೆಯನ್ನೂ ಮಾಡಿಸಿ ಎಂದು.

ಕಫ ಪರೀಕ್ಷೆ ಅಂದರೆ ಟಿಬಿಗೆ. ನಾನೇನು ನಿನ್ನೆ ಮೊನ್ನೆಯವಳೇ? ಎಷ್ಟೋ ಜನರ ಕೈಗೆ ಇದೇ ಮಾತಿನ ಕಾಗದ ಕೊಟ್ಟು ಮುಂದಿನವರನ್ನು ಒಳಗೆ ಕರೆದಿದ್ದೇನೆ. ಇವತ್ತು ಕಾಗದ ಹಿಡಿದುಕೊಂಡು ಕತ್ತಲ ಕೋಣೆಯಲ್ಲಿ ಸುಮ್ಮನೆ ನಿಂತೆ. ಹೊರಗೆ ಯಾರೋ ಬಾಗಿಲು ಬಡಿಯುತ್ತಿದ್ದರು.

ಪ್ರಜ್ಞಾ ದಿನಾ ಅಪ್ಪನ ತಾಟಿನಲ್ಲಿ ಕೈ ಹಾಕುತ್ತಾಳೆ.

ನವೆಂಬರ್ 27, ಬುಧವಾರ

ಹೇಳಿದೆ. ಮನುಷ್ಯ ಜಗ್ಗಲಿಲ್ಲ.

"ನೀನs ದಿನಾ ಹೇಳ್ತಿ, ಮಷೀನ್ ಖರಾಬ್ ಐತಿ, ಎಲ್ಲಾ ಮಸುಕು ಕಾಣ್ತೈತಿ ಅಂತ. ಈಗ ನಂದು ಒಂದs ಖರೆ ಏನು?"

"ಅದಕ್ಕs ಇನ್ನೊಮ್ಮೆ ತೆಗ್ಯೋಣು ಬರ್ರಿ ಅಂತೀನಿ."

"ಅದs ಡಬ್ಬಾದಾಗ ತೆಗದ್ರ ಅದs ಮಸುಕು ಬರ್ತೈತಿ. ಮೊದ್ಲ ನಿನ್ನ ಮಷೀನ್ ರಿಪೇರಿ ಮಾಡ್ಸು. ಆಮ್ಯಾಗ ನನ್ನ."

"ಕಫ ಆದ್ರೂ ಕೊಡ್ರಿ. ಸರ್ಕಾರಿ ದವಾಖಾನ್ಯಾಗ ಪುಕ್ಸಟ್ಟೆ ನೋಡ್ತಾರ."

"ಕಫ ಬರಂಗಿಲ್ಲ ನನಗ. ಒಣ ಕೆಮ್ಮು. ಬಸ್ಸಿನ ಧೂಳು."

ನನ್ನ ಮಾತನ್ನೇ ನನ್ನ ತಲೆಗೆ ಹೊಡೆದರೆ ನಾನೇನು ಹೇಳಲಿ? ಸಿಟ್ಟಿನಲ್ಲಿ ಒಳಗೆ ಹೋಗಿ ಪಾತ್ರೆ ತೊಳೆದೆ. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ವಿಚಿತ್ರವೆಂದರೆ, ಅವರು ಹೇಳಿದ್ದೇ ಸರಿಯಿರಲಿ ಎಂದು ಒಳಗೊಳಗೇ ಬೇಡುತ್ತಿದ್ದೇನೆ. ಮಷೀನು ಕೆಟ್ಟಿರಲಿ. ಪೂರ್ತಿ ಕೆಟ್ಟು ಹಾಳಾಗಿರಲಿ.

ರಾಯಚೂರಿನಲ್ಲಿ ನನ್ನ ಜೊತೆ ಡಿಪ್ಲೊಮಾ ಓದಿದ ಅರ್ಜುಮಂದ್‌ಗೆ ಫೋನ್ ಮಾಡಿದೆ. ಅವಳೀಗ ಕಲಬುರಗಿಯಲ್ಲಿ ಆಸ್ಪತ್ರೆಗಳ ಎಕ್ಸ್‌ರೇ ಮಷೀನುಗಳನ್ನು ತಪಾಸಣೆ ಮಾಡುವ ಕೆಲಸದಲ್ಲಿದ್ದಾಳೆ. ಗಂಡನ ವಿಷಯ ಹೇಳಲಿಲ್ಲ. ಮಷೀನು ಮಸುಕೋ ಅಲ್ಲವೋ, ಚಿತ್ರ ನೋಡಿಯೇ ಅಳೆಯಲು ಬರುತ್ತದೆಯೇ ಎಂದು ಮಾತ್ರ ಕೇಳಿದೆ.

"ಯಾಕ ಬರಂಗಿಲ್ಲ? ಆದ್ರ ಪಿಕ್ಚರ್‌ದಾಗ ಇರೋ ಸಾಮಾನು ಖರೇನ ಹೆಂಗೈತಿ ಅಂತ ನಿನಗ ಮೊದ್ಲs ಗೊತ್ತಿರಬೇಕು. ಇಲ್ಲಾಂದ್ರ ಮಸುಕು ಸಾಮಾನಿಂದೋ ಮಷೀನಿಂದೋ, ಹೆಂಗ್ ಹೇಳ್ತಿ? ಅಂಚು ನೆಟ್ಟಗ ಇರೋದು ಏನರೆ ಇಡು, ಎಕ್ಸ್‌ರೇ ತೆಗಿ. ಒಂದು ಸಾಫ್ಟ್‌ವೇರ್ ಕಳಸ್ತೀನಿ. ಅಂಚಿಗೆ ಅಡ್ಡ ಗೆರಿ ಎಳಿ. ಬಿಳಿಯಿಂದ ಕರಿಗೆ ಗೋಡಿ ಬಿದ್ದಂಗ ಇಳದ್ರ ಮಷೀನ್ ಚೂಪು. ದಿಬ್ಬದಂಗ ಜಾರಿದ್ರ ಮಸುಕು. ಇಷ್ಟs."

ಇಷ್ಟೇ ಅಂತೆ.

ನವೆಂಬರ್ 29, ಶುಕ್ರವಾರ

ಅಂಚು ಅಂದರೆ ಅಂಚು. ಮಸ್ಕಿಯಲ್ಲಿ ನಮ್ಮ ಓಣಿಯ ಜಂಗ್ಲಿಸಾಬ್ ಅವರ ಮಟನ್ ಅಂಗಡಿಯ ಕತ್ತಿಗಿಂತ ಚೂಪಾದ ಅಂಚು ಇನ್ನೆಲ್ಲಿ ಸಿಗಬೇಕು? ಒಂದು ದಿನದ ಮಟ್ಟಿಗೆ ಕೊಡಿ ಎಂದೆ.

"ಯಾರಿಗೆ ತಂಗೀ?" ಎಂದು ಮುದುಕ ಹುಬ್ಬೇರಿಸಿದರು.

"ಮಷೀನಿಗೆ ಕಾಕಾ."

"ಕಂಡಕ್ಟರ್‌ಗ ಅಲ್ಲ ಹೌದಿಲ್ಲೋ?" ಎಂದು ನಗುತ್ತಾ ಅಲಗನ್ನು ಮಸೆದು, ಪೇಪರಿನಲ್ಲಿ ಸುತ್ತಿ ಕೊಟ್ಟರು. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕಳ್ಳಿಯ ಹಾಗೆ ಕುಳಿತಿದ್ದೆ.

ಮಧ್ಯಾಹ್ನ ಜನ ಕಡಿಮೆಯಾದಾಗ ಕತ್ತಿಯನ್ನು ಪ್ಲೇಟಿನ ಮೇಲಿಟ್ಟು ಎಕ್ಸ್‌ರೇ ತೆಗೆದೆ. ಅಡ್ಡ ಗೆರೆ ಎಳೆದೆ. ದಿಬ್ಬ! ನಿಧಾನವಾಗಿ, ಸೋಮಾರಿಯಾಗಿ ಜಾರುವ ದಿಬ್ಬ. ಮಷೀನು ಖರಾಬ್! ಅಲ್ಲೇ ಕುಣಿಯಬೇಕೆನಿಸಿತು. ಕರಿಬಸಯ್ಯನವರ ಮುಂದೆ ಹೋಗಿ ನಿಂತು, ನೋಡಿದಿರಾ, ನಾನು ಹೇಳಿರಲಿಲ್ಲವೇ ಎನ್ನಬೇಕೆನಿಸಿತು. ಯಾಕೋ ಬೇಡವೆನಿಸಿ ಸುಮ್ಮನಾದೆ.

ಬರುವಾಗ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದೆ. "ನಾ ಹೇಳಿದ್ದಿಲ್ಲೇನು?" ಎಂದು ಅವರು ಒಂದರ ಮೇಲೊಂದು ತಿಂದರು. ಮೂವರೂ ನಕ್ಕೆವು. ಪ್ರಜ್ಞಾ ಅಪ್ಪನ ಕೈಯ ಭಜಿಗೇ ಬಾಯಿ ಹಾಕಿದಳು. ಬೇಡ ಎನ್ನಲು ಹೋಗಿ ನಿಲ್ಲಿಸಿದೆ. ಮಷೀನೇ ಕೆಟ್ಟಿದೆಯಲ್ಲ.

ಡಿಸೆಂಬರ್ 1, ಭಾನುವಾರ

ಕತ್ತಿಯ ಚಿತ್ರವನ್ನು ಅರ್ಜುಮಂದ್‌ಗೆ ಕಳಿಸಿದ್ದೆ. ಫೋನ್ ಮಾಡಿ ನಕ್ಕಳು ನೋಡಿ, ನಗು ನಿಲ್ಲಲೊಲ್ಲದು.

"ಅರೇ ಹುಚ್ಚೀ, ಕತ್ತಿ ಇಟ್ಟೀ ಏನ್? ಕತ್ತಿ ಅಂಚಿನ ಕಡೆ ಹೋದಂಗ ತೆಳ್ಳಗ ಆಗ್ತೈತಿ. ತೆಳ್ಳಗ ಇದ್ದಲ್ಲಿ ಕಿರಣ ತೂರಿ ಹೋಗ್ತಾವು. ದಿಬ್ಬ ಕಾಣದs ಇನ್ನೇನು ಕಾಣ್ತೈತಿ? ಅದು ಕತ್ತಿ ದಿಬ್ಬ, ಮಷೀನಿಂದಲ್ಲ."

"ಹಂಗಂದ್ರ ಕತ್ತಿ ಚೂಪಾದಷ್ಟೂ..."

"ಪಿಕ್ಚರ್ ಮಸುಕು. ದಪ್ಪ ಇರಬೇಕು, ಅಂಚು ಗೋಡಿ ಕಡದಂಗ ಇರಬೇಕು. ಹಿತ್ತಾಳಿ ಪಟ್ಟಿ ಏನರೆ ಕತ್ತರಿಸಿ ತಗೋ. ಮತ್ತ ನೆಟ್ಟಗ ಇಡಬ್ಯಾಡ, ತುಸು ಓರೆ ಇಡು."

ಓರೆ ಯಾಕೆ? ಅದನ್ನೂ ಕೇಳಿದೆ.

"ನಮ್ಮ ಗದ್ದಿ ನೆನಸ್ಕೊ. ನಾಟಿ ಸಾಲಿಗೆ ನೇರ ನಿಂತ್ರ ಒಂದs ಸಸಿ ಕಾಣ್ತೈತಿ, ಹಿಂದಿನವೆಲ್ಲಾ ಅದರ ಮರಿಗೆ. ತುಸು ಓರೆ ನಿಂತ್ರ ಒಂದೊಂದೂ ಬ್ಯಾರೆ ಬ್ಯಾರೆ ಕಾಣ್ತಾವು. ಪಿಕ್ಚರ್ ಚುಕ್ಕಿನೂ ಹಂಗs. ಅಂಚು ಓರೆ ಇದ್ರ ಒಂದೊಂದು ಸಾಲು ಒಂದೊಂದು ಕಡೆ ಅದನ್ನ ಹಿಡೀತೈತಿ. ಎಲ್ಲಾ ಕೂಡಿಸಿದ್ರ ಬಾರೀಕ್ ಲೆಕ್ಕ ಸಿಗ್ತೈತಿ."

ಮುಂದೆ ಅವಳು ಹೇಳಿದ್ದು ಕಿವಿಗೆ ಹೋಗಲಿಲ್ಲ. ಕತ್ತಿ ಚೂಪಾದಷ್ಟೂ ಚಿತ್ರ ಮಸುಕಾದರೆ, ಮಸುಕಾಗಿ ಕಂಡದ್ದು ನಿಜವಾಗಿ ಏನು? ಭಜಿ ತಿಂದು ನಕ್ಕದ್ದು ಯಾವುದಕ್ಕೆ?

ಜಂಗ್ಲಿಸಾಬ್ ಅವರಿಗೆ ಕತ್ತಿ ವಾಪಸ್ಸು ಕೊಟ್ಟೆ. "ಕೆಲಸಾ ಆತೇನು ತಂಗೀ?" ಎಂದರು. ಆಯಿತು ಎಂದೆ.

ಡಿಸೆಂಬರ್ 3, ಮಂಗಳವಾರ

ಲಿಂಗಸುಗೂರಿಗೆ ಹೋಗಿದ್ದೆ. ತಮ್ಮ ಲಾಲಪ್ಪನ ವೆಲ್ಡಿಂಗ್ ಶಾಪಿನಲ್ಲಿ ಹಿತ್ತಾಳೆ ಪಟ್ಟಿಯ ತುಂಡಿತ್ತು. ಮಷೀನಿನಲ್ಲಿ ಕತ್ತರಿಸಿ, ಅಂಚನ್ನು ಅರ ಹಾಕಿ ಉಜ್ಜಿ ಕೊಟ್ಟ. ಕೊಡುವಾಗ ಕೇಳಿದ, "ಅಕ್ಕಾ, ಮಾವ ಯಾಕ ಅಷ್ಟು ಸೊರಗ್ಯಾನ?"

"ಯಾರು ಹೇಳಿದ್ರು?"

"ಯಾರ್ ಹೇಳಬೇಕು? ಮೊನ್ನೆ ಡಿಪೋ ಗೇಟಿನಾಗ ಚಾ ಕುಡಿಯಾಕತ್ತಿದ್ದ. ಯೂನಿಫಾರ್ಮ್ ಹ್ಯಾಂಗರಿಗೆ ಹಾಕಿದಂಗ ಇತ್ತು. ನೀ ನೋಡಿಲ್ಲೇನು?"

ನೋಡದೆ ಏನು? ದಿನಾ ನೋಡುತ್ತೇನೆ. ಒಂದೇ ಮನೆಯಲ್ಲಿದ್ದೇವೆ.

ಮನೆಗೆ ಬಂದು ಒಣಗಿದ ಬಟ್ಟೆ ಮಡಚುವಾಗ ಅವರ ಖಾಕಿ ಪ್ಯಾಂಟಿನ ಬೆಲ್ಟ್ ನೋಡಿದೆ. ಅದಕ್ಕೆ ಮೊಳೆಯಿಂದ ಹೊಸದಾಗಿ ಎರಡು ತೂತು ಮಾಡಿಕೊಂಡಿದ್ದಾರೆ. ಯಾವಾಗ ಮಾಡಿಕೊಂಡರೋ.

ಡಿಸೆಂಬರ್ 4, ಬುಧವಾರ

ಹಿತ್ತಾಳೆ ಪಟ್ಟಿಯನ್ನು ಓರೆಯಾಗಿ ಇಟ್ಟು ತೆಗೆದೆ. ಗೋಡೆ. ಬಿಳಿಯಿಂದ ಕಪ್ಪಿಗೆ ಧೊಪ್ಪನೆ ಇಳಿಯಿತು. ಪಟ್ಟಿಯನ್ನು ಮೂಲೆಗೆ ಸರಿಸಿ ಮತ್ತೆ ತೆಗೆದೆ. ಗೋಡೆ. ಅಡಿಮೇಲು ಮಾಡಿ ತೆಗೆದೆ. ಅದೂ ಗೋಡೆ. ಅರ್ಜುಮಂದ್‌ಗೆ ಕಳಿಸಿದರೆ, "ಹೊಸಾ ಮಷೀನಿನಂಗ ಐತಲ್ಲೇ," ಎಂದು ಉತ್ತರ ಬಂತು.

ಇಷ್ಟು ದಿನ ಮಸುಕು ಬಂದದ್ದೆಲ್ಲ ಏನು ಹಾಗಾದರೆ? ನಡುಗುವ ಮುದುಕಿಯರು, ಉಸಿರು ಹಿಡಿಯಲಾರದವರು, ಅವಸರದಲ್ಲಿ ಗುಂಡಿ ಒತ್ತಿದ ನಾನು. ಕರಿಬಸಯ್ಯನವರು ಹೇಳಿದ್ದೇ ಖರೆ. ಅದರ ಬಗ್ಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಪಟ್ಟಿ ಹಿಡಿದುಕೊಂಡು ಸ್ಟೂಲಿನ ಮೇಲೆ ಕುಳಿತೆ.

ಮಷೀನು ಚೆನ್ನಾಗಿದೆ. ಹಾಗಾದರೆ ಆ ಮಸುಕು

ಡಿಸೆಂಬರ್ 6, ಶುಕ್ರವಾರ

ಬಾಬಾಸಾಹೇಬರ ಪರಿನಿಬ್ಬಾಣದ ದಿನ. ಸಂಜೆ ಓಣಿಯವರೆಲ್ಲ ಸೇರಿ ಮೇಣದಬತ್ತಿ ಹಚ್ಚಿ ಬುದ್ಧವಂದನೆ ಹೇಳಿದೆವು. ನಡುವೆ ನಮ್ಮವರಿಗೆ ಕೆಮ್ಮು ಬಂತು. ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. ಎದ್ದು ಗೋಡೆಯ ಆಚೆ ಹೋಗಿ ಬಗ್ಗಿ ನಿಂತು ಕೆಮ್ಮಿದರು. ಜನ ತಿರುಗಿ ತಿರುಗಿ ನೋಡಿದರು. ಎಲ್ಲರ ಮೇಲೂ ಸಿಟ್ಟು ಬಂತು ನನಗೆ. ಅವರಿಗೇನು ಕೆಮ್ಮು ಬರುವುದೇ ಇಲ್ಲವೇ?

ಮನೆಗೆ ಬಂದು ಮಷೀನಿನ ವಿಷಯ ಹೇಳಿದೆ. "ಹಂಗಾದ್ರ ಫೋಟೋ ಹೊಡ್ಯೋ ಮುಂದ ನಾನs ಅಳ್ಳಾಡಿರಬೇಕು. ಹೌದು, ಕೆಮ್ಮಿದೆ ಅನಸ್ತೈತಿ. ಬಸ್ಸಿನ ಗಡಿಬಿಡಿ," ಎಂದರು.

ಕೆಮ್ಮಿದರೇ? ನಾನು ಗಾಜಿನ ಆಚೆ ಇದ್ದೆ. ನೆನಪು ಮಾಡಿಕೊಂಡಷ್ಟೂ ಒಮ್ಮೆ ಕೆಮ್ಮಿದ ಹಾಗೆ, ಒಮ್ಮೆ ಕೆಮ್ಮದ ಹಾಗೆ ಕೇಳಿಸುತ್ತದೆ. ಮಷೀನು ಚೂಪಿದ್ದರೂ ನಿಂತವರು ಅಲುಗಿದರೆ ಮಸುಕೇ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆದುಕೊಳ್ಳುತ್ತದೆ, ನಾನೂ ಅದರೊಳಗೆ ಓಡುತ್ತೇನೆ.

ಊಟಕ್ಕೆ ಪ್ರಜ್ಞಾಗೆ ಬೇರೆ ತಾಟು ಹಾಕಿದೆ. "ಯಾಕಬೇ?" ಎಂದಳು. ದೊಡ್ಡಾಕಿ ಆಗಿ ಈಗ, ಬ್ಯಾರೆ ಉಣ್ಣು ಎಂದೆ. ಅವರು ನನ್ನ ಮುಖ ನೋಡಿದರು. ತಮ್ಮ ತಾಟನ್ನು ತಾವೇ ಎತ್ತಿಕೊಂಡು ಬಾಗಿಲ ಹತ್ತಿರ ಹೋಗಿ, ನಮಗೆ ಬೆನ್ನು ಮಾಡಿ ಕುಳಿತು ಉಂಡರು.

ನಾನು ಪಾಪಿ. ಏನು ಮಾಡಿದ್ದರೆ ಸರಿ ಇರುತ್ತಿತ್ತು? ತಿಳಿಯುತ್ತಿಲ್ಲ.

ಡಿಸೆಂಬರ್ 7, ಶನಿವಾರ

ಅವರಿಗೆ ಬಲ ಮಗ್ಗುಲಾಗಿ ಮಲಗಿದರೆ ಕೆಮ್ಮು ಜಾಸ್ತಿ. ಎಡಕ್ಕೆ ಹೊರಳಿದರೆ ಸ್ವಲ್ಪ ಕಡಿಮೆ. ಬೆಳಗಿನ ಜಾವ ಬನಿಯನ್ ಒದ್ದೆಯಾಗಿರುತ್ತದೆ.

ಡಿಸೆಂಬರ್ 9, ಸೋಮವಾರ

ಇವತ್ತು ಅರ್ಜುಮಂದ್‌ಗೆ ಎಲ್ಲವನ್ನೂ ಹೇಳಿದೆ. ಅವಳು ನಗಲಿಲ್ಲ.

"ಭಾರತಿ, ನೀ ಮಷೀನ್ ಅಳಿಯಾಕತ್ತೀಯೋ, ದಿನಾ ಕಳಿಯಾಕತ್ತೀಯೋ?" ಎಂದು ಕೇಳಿದಳು. ಆಮೇಲೆ ಅವಳೇ ಮೆತ್ತಗಾಗಿ ಹೇಳಿದಳು, "ಆ ದಿನ ಅಳ್ಳಾಡ್ಯಾರೋ ಇಲ್ಲೋ ಅನ್ನೋದನ್ನ ಆ ಪಿಕ್ಚರ್‌ನs ಕೇಳಬೇಕು. ಅದರಾಗ ನಿನಗ ಅಂಚು ಗೊತ್ತಿರೋ ಸಾಮಾನು ಏನರೆ ಐತೇನು?"

"ಎಲುಬು ಅದಾವು."

"ಎಲುಬು ಗುಂಡಗಿರ್ತಾವು. ಅದರ ಖರೆ ಅಂಚು ಯಾರ್ ಕಂಡಾರ? ಬ್ಯಾರೆ ನೋಡು."

ಬೇರೆ ಏನಿರುತ್ತದೆ, ಎದೆಯಲ್ಲಿ? ಫೋನ್ ಇಟ್ಟು ಅವರ ಚಿತ್ರವನ್ನು ತೆಗೆದೆ. ಇಷ್ಟು ದಿನ ಬಲಗಡೆಯ ಆ ಮೂಲೆಯನ್ನೇ ದೊಡ್ಡದು ಮಾಡಿ ಮಾಡಿ ನೋಡಿದ್ದೆ. ಇವತ್ತು ಪೂರ್ತಿ ಚಿತ್ರ ಇಟ್ಟುಕೊಂಡು ಕುಳಿತೆ. ನಟ್ಟನಡುವೆ, ಬೆನ್ನೆಲುಬಿನ ಬಿಳುಪಿನ ಮೇಲೆ ಅದಕ್ಕಿಂತ ಬಿಳಿಯಾದ ಒಂದು ಚೌಕ. ತುಸು ಓರೆ.

ತಾಯಿತ.

ಅಯ್ಯೋ, ತಾಯಿತ! ತಾಮ್ರದ ದಪ್ಪ ಚೌಕ ಬಿಲ್ಲೆ. ನಮ್ಮ ಅತ್ತೆ ಪೀರಮ್ಮ, ಹುಟ್ಟಿದ ಮಗ ಉಳಿಯಲಿ ಎಂದು ದರ್ಗಾಕ್ಕೆ ಹೋಗಿ ಮುಲ್ಲಾ ಮೌಲಾಸಾಬ್ ಅವರ ಕೈಯಿಂದ ಕಟ್ಟಿಸಿದ್ದು. ಮದುವೆಯಾದ ಹೊಸದರಲ್ಲಿ ನಾನು ಎಷ್ಟು ಜಗಳ ತೆಗೆದಿದ್ದೆ! ಮನೆಯಲ್ಲಿ ಬುದ್ಧ ಇದ್ದಾನೆ, ಇದೆಲ್ಲ ಯಾಕೆ, ತೆಗೆದು ಒಗೆಯಿರಿ ಎಂದು. "ಅವ್ವ ಕಟ್ಯಾಳ," ಎನ್ನುವುದೊಂದೇ ಅವರ ಉತ್ತರ. ಅತ್ತೆ ತೀರಿಕೊಂಡ ಮೇಲಂತೂ ಅದರ ಮಾತೇ ಎತ್ತಲಿಲ್ಲ ನಾನು. ಆಮೇಲಾಮೇಲೆ ಅದು ಇರುವುದೇ ಮರೆತುಹೋಯಿತು. ಊರವರಿಗೆಲ್ಲ ತಾಯಿತ ತೆಗೀರಿ, ತಾಯಿತ ತೆಗೀರಿ ಎನ್ನುವವಳು, ಅವತ್ತು ಬರಿಮೈಯಲ್ಲಿ ಮುಂದೆ ನಿಂತ ಗಂಡನ ಕೊರಳು ನೋಡಲಿಲ್ಲ. ಈ ಚಿತ್ರದಲ್ಲೂ ಎಷ್ಟು ಸಲ ಕಣ್ಣಿಗೆ ಬಿದ್ದಿತ್ತೋ. ಮನಸ್ಸಿಗೆ ಬಿದ್ದಿರಲಿಲ್ಲ.

ಅಂಚು ನನಗೆ ಗೊತ್ತಿರುವ ಸಾಮಾನು. ಕಣ್ಣು ಮುಚ್ಚಿದರೂ ಬೆರಳಿಗೆ ಗೊತ್ತು.

ಅಡ್ಡ ಗೆರೆ ಎಳೆಯಲು ಕೈ ಬರಲಿಲ್ಲ. ಹೊರಗೆ ಹೋಗಿ ಚಹಾ ಕುಡಿದು ಬಂದೆ. ಮೂವರು ಪೇಶಂಟ್‌ಗಳನ್ನು ಮುಗಿಸಿದೆ. ಆಮೇಲೆ ಎಳೆದೆ.

ಗೋಡೆ.

ಅಲುಗಿಲ್ಲ, ಕೆಮ್ಮಿಲ್ಲ. ಉಸಿರು ಹಿಡೀರಿ ಎಂದಾಗ ಕಲ್ಲಿನ ಹಾಗೆ ಹಿಡಿದು ನಿಂತಿದ್ದಾರೆ, ಪುಣ್ಯಾತ್ಮ. ಇಡೀ ಸಿಂಧನೂರಿನಲ್ಲಿ ನಾನು ತೆಗೆದ ಎಲ್ಲಕ್ಕಿಂತ ಚೆಂದದ ಎಕ್ಸ್‌ರೇ ಅದು. ಮಸುಕಾಗಿರುವುದು ಆ ಒಂದು ಜಾಗ ಮಾತ್ರ.

ಪ್ಲೇಟಿಗೆ ಹಣೆ ಹಚ್ಚಿ ಅತ್ತುಬಿಟ್ಟೆ.

ಡಿಸೆಂಬರ್ 10, ಮಂಗಳವಾರ

ಬೆಳಿಗ್ಗೆ ಪ್ರಜ್ಞಾ ಶಾಲೆಗೆ ಹೋದ ಮೇಲೆ ಚಿತ್ರವನ್ನು ಫೋನಿನಲ್ಲಿ ತೋರಿಸಿದೆ. ಚೌಕದ ಮೇಲೆ ಬೆರಳಿಟ್ಟೆ.

"ಇದೇನು ಹೇಳ್ರಿ."

ಅವರ ಕೈ ತಾನಾಗಿ ಕೊರಳಿಗೆ ಹೋಯಿತು.

"ಇದರ ಅಂಚು ನೋಡ್ರಿ, ಎಷ್ಟು ಚೂಪು ಐತಿ. ನೀವು ಕೆಮ್ಮಿದ್ರ ಇದೂ ಅಳ್ಳಾಡ್ತಿತ್ತು, ಇದೂ ಮಸುಕು ಬರ್ತಿತ್ತು. ಮಷೀನ್ ಖರಾಬ್ ಇದ್ರೂ ಮಸುಕು ಬರ್ತಿತ್ತು. ಇನ್ನ ಏನ್ ಹೇಳ್ತೀರಿ? ಹೇಳ್ರಿ."

ತಾಯಿತವನ್ನು ಬೆರಳಲ್ಲಿ ತಿರುಗಿಸುತ್ತಾ ಕುಳಿತರು.

"ನಾ ಕೆಮ್ಮಿದ್ದಿಲ್ಲ," ಎಂದರು ಕಡೆಗೆ. "ನನಗ ಗೊತ್ತಿತ್ತು. ದೀಪಾವಳಿ ಮುಂಚೇನs ಕರವಸ್ತ್ರದಾಗ ಕೆಂಪು ಕಂಡಿತ್ತು. ತೊಳದು ಒಣಾ ಹಾಕಿದೆ. ನೀ ಮಷೀನಿಗೆ ಬೈಯಾಕತ್ತಿದ್ದಿ. ಮಷೀನಿಂದs ತಪ್ಪು ಇರ್ಲಿ ಅಂತ ನಾನೂ ಅನ್ಕೊಂಡೆ."

"ನನಗ ಹೇಳಾಕ ಏನಾಗಿತ್ತು ನಿಮಗ?"

"ಹೇಳಿದ್ರ ನೀ ತಾಟು ಬ್ಯಾರೆ ಮಾಡ್ತಿದ್ದಿ."

ಬೈಯಬೇಕೆಂದು ಬಾಯಿ ತೆರೆದೆ, ಹುಟ್ಟಿದಾರಭ್ಯ ಬರುವ ಬೈಗುಳ ಒಂದೂ ಬರಲಿಲ್ಲ. ಅವರ ಪಕ್ಕದಲ್ಲಿ ಕುಳಿತೆ. ಅವರು ದೂರ ಸರಿದರು. ನಾನೂ ಸರಿದು ಕುಳಿತೆ. ಮತ್ತೆ ದೂರ ಸರಿದರು. ಗೋಡೆ ಬಂತು, ಆಮೇಲೆ ಸರಿಯಲು ಜಾಗವಿರಲಿಲ್ಲ.

ಡಿಸೆಂಬರ್ 11, ಬುಧವಾರ

ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಕೊಟ್ಟರು. ಒಣ ಕೆಮ್ಮಂತೆ! ಡಬ್ಬಿಯ ಮುಚ್ಚಳ ನಾನು ಹಾಕಿಕೊಟ್ಟೆ. ಬಸ್ಸಿನಲ್ಲಿ ಬೇರೆ ಕಂಡಕ್ಟರ್ ಇದ್ದ. ಇವರು ಮುಖಕ್ಕೆ ಮಾಸ್ಕ್ ಹಾಕಿಕೊಂಡು ನನ್ನ ಪಕ್ಕದ ಸೀಟಿನಲ್ಲಿ ಕುಳಿತಿದ್ದರು. ಎಲ್ಲ ಸ್ಟಾಪಿನಲ್ಲೂ ಎದ್ದು ನಿಲ್ಲಲು ಹೋಗುತ್ತಿದ್ದರು, ರೂಢಿ ನೋಡಿ. ನಾನು ತೋಳು ಹಿಡಿದು ಕೂರಿಸುತ್ತಿದ್ದೆ.

ಡಿಸೆಂಬರ್ 13, ಶುಕ್ರವಾರ

ಟಿಬಿಯೇ. ಮಾತ್ರೆ ಶುರುವಾಯಿತು. ಆರು ತಿಂಗಳು ಒಂದು ದಿನವೂ ತಪ್ಪಿಸಬಾರದು, ತಪ್ಪಿಸದಿದ್ದರೆ ಪೂರ್ತಿ ವಾಸಿಯಾಗುತ್ತದೆ ಎಂದು ಅಲ್ಲಿನ ಡಾಕ್ಟರ್ ಹೇಳಿದರು. ಪ್ರಜ್ಞಾಳನ್ನೂ ನನ್ನನ್ನೂ ಪರೀಕ್ಷೆ ಮಾಡಿದರು, ನಮಗೇನಿಲ್ಲ.

ಮಷೀನು ಖರೆ ಹೇಳಿತ್ತು. ಅದರ ಬಾಯಿಗೆ ಮಣ್ಣು ಬೀಳಲಿ. ಅಲ್ಲ, ಬೀಳುವುದು ಬೇಡ.

ಫೆಬ್ರವರಿ 17, ಸೋಮವಾರ

ಎಷ್ಟೋ ದಿನ ಬರೆಯಲಿಲ್ಲ. ಮಾತ್ರೆ ನುಂಗಿಸುವುದು, ವಾಂತಿ ಬಳಿಯುವುದು, ಮೊಟ್ಟೆ ಬೇಯಿಸುವುದು, ಇಷ್ಟರಲ್ಲೇ ದಿನ ಹೋಯಿತು.

ಇವತ್ತು ಮತ್ತೆ ಎಕ್ಸ್‌ರೇ. ಬೆಳಿಗ್ಗೆ ಬೇಗ ಹೋಗಿ ಮೊದಲು ಹಿತ್ತಾಳೆ ಪಟ್ಟಿ ಇಟ್ಟು ಮಷೀನನ್ನು ನೋಡಿದೆ. ಗೋಡೆ. ಕರಿಬಸಯ್ಯನವರು ಇಣುಕಿ, "ಇದೇನವ್ವಾ ಹೊಸಾ ಪೂಜಿ?" ಎಂದರು.

ಅವರು ಬಂದರು. ಅಂಗಿ ಬಿಚ್ಚಿದರು. ನಾನು ಬಾಯಿ ತೆರೆಯುವ ಮೊದಲೇ ತಾಯಿತದ ದಾರ ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. ಬಿಸಿ ಇತ್ತು. ಅದು ಇದ್ದ ಜಾಗದಲ್ಲಿ ಎದೆಯ ಮೇಲೆ ಒಂದು ಚೌಕ ಬೆಳ್ಳಗಿದೆ, ಉಳಿದ ಮೈಗಿಂತ. ಎಡಕ್ಕೊಂದು ಮಚ್ಚೆಯಿದೆ, ಪಕ್ಕೆಲುಬುಗಳು ಈಗ ಅಷ್ಟು ಎದ್ದು ಕಾಣುವುದಿಲ್ಲ. ಬೆಲ್ಟು ಹೊಸ ತೂತಿನಿಂದ ಹಳೆಯ ತೂತಿಗೆ ಬಂದಿದೆ.

"ಉಸಿರು ಎಳೀರಿ. ಹಂಗ ಹಿಡೀರಿ."

ಹಿಡಿದರು. ಚಿತ್ರ ಬಂತು. ಹತ್ತಿಯ ತುಣುಕು ಇತ್ತಲ್ಲ, ಅದು ಕರಗಿ ನಾಲ್ಕಾರು ಗೆರೆಗಳಾಗಿ ಉಳಿದಿದೆ. ಹಳೆಯ ಚಿತ್ರವನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ನೋಡಿದೆ. ಮತ್ತೆ ನೋಡಿದೆ.

"ಮಷೀನ್ ಹೆಂಗೈತಿ ಈಗ?" ಎಂದು ಕೇಳಿದರು, ಅಂಗಿ ತೊಡುತ್ತಾ.

"ಚೊಲೋ ಐತಿ," ಎಂದೆ.

ಸಂಜೆ ಅಪ್ಪ ಮಗಳು ಒಂದೇ ತಾಟಿನಲ್ಲಿ ಕುಳಿತರು. ಕಫದಲ್ಲಿ ಈಗ ರೋಗಾಣು ಇಲ್ಲ, ಇನ್ನೇನೂ ಭಯವಿಲ್ಲ ಎಂದು ಡಾಕ್ಟರ್ ಹೇಳಿದ್ದಾರೆ. ಆದರೂ ಇವರು ನನ್ನ ಮುಖ ನೋಡಿ, ನಾನು ಹೂಂ ಅಂದ ಮೇಲೆಯೇ ತುತ್ತು ಎತ್ತಿದರು. ಊಟವಾದ ಮೇಲೆ ಟಿವಿ ಆರಿಸಿ ಸುಮ್ಮನೆ ಕುಳಿತಿದ್ದೆ. ಒಂದೇ ಸಲ ಕೆಮ್ಮಿದರು, ಅದೂ ಸಣ್ಣದು.

ತಾಯಿತ ನನ್ನ ಪರ್ಸಿನಲ್ಲೇ ಉಳಿದಿತ್ತು. ಅವರು ಕೇಳಲಿಲ್ಲ. ದಾರ ಹಳೆಯದಾಗಿತ್ತು, ಪ್ರಜ್ಞಾಳನ್ನು ಕಳಿಸಿ ಅಂಗಡಿಯಿಂದ ಹೊಸ ಕರಿದಾರ ತರಿಸಿ ಪೋಣಿಸಿದೆ. ಇಲ್ಲಿ ತಿರುಗ್ರಿ ಎಂದು ಹೇಳಿ ಕೊರಳಿಗೆ ನಾನೇ ಕಟ್ಟಿದೆ. ಗಂಟು ಬಿಗಿಯಾಗಿದೆಯೋ ಇಲ್ಲವೋ ಎಂದು ಎರಡು ಸಲ ಜಗ್ಗಿ ನೋಡಿದೆ.